ಓಟದ ಕೊನೆಗೊಂದು ಮನೆಬಾಗಿಲು

ಲಂಡನ್ ನಗರವನ್ನು ಕಂಡುಬರಲು ಹೋಗುವ ನಮ್ಮ ನಾಡಿನ ಯಾತ್ರಿಕರು ಬಹುಮಟ್ಟಿಗೆ ಅದರ ಪಶ್ಚಿಮ ಭಾಗವನ್ನೇ ನೋಡಿ ಹಿಂದಿರುಗುತ್ತಾರೆ. ಅರಸರ ಅರಮನೆ, ಸಂಸತ್ ಭವನ, ವಸ್ತುಸಂಗ್ರಹಾಲಯ, ದೊಡ್ಡ ಅಂಗಡಿಬೀದಿಗಳು, ಇಷ್ಟರಲ್ಲಿಯೇ ಅವರ ದಿನಗಳು ಮುಗಿದುಹೋಗುತ್ತವೆ. ಥೇಮ್ಸ್ ನದಿಯ ಮಗ್ಗುಲಿನ ಹಳೆಯ ಗೋಪುರಕೋಟೆಯನ್ನು ದಾಟಿ ಪೂರ್ವಕ್ಕೆ ನಡೆದವರಿಗೆ ಮಾತ್ರ ಬೇರೊಂದು ಲಂಡನ್ ಎದುರಾಗುತ್ತದೆ. ಹಡಗುಕಟ್ಟೆಯ ಕೂಲಿಗಳು, ನೇಕಾರರು, ದರ್ಜಿಗಳು ತಲೆತಲಾಂತರದಿಂದ ದುಡಿದು ಬಾಳಿದ ಈ ಸೀಮೆಗೆ ಅಲ್ಲಿಯ ಜನ ‘ಈಸ್ಟ್ ಎಂಡ್’ ಎನ್ನುತ್ತಾರೆ. ಮಠದ ಪ್ರಸಾದನಿಲಯದಲ್ಲಿ ನಮ್ಮೊಡನೆ ಓದಿ ಈಗ ಲಿಂಗೈಕ್ಯರಾಗಿರುವ ಮಿತ್ರರೊಬ್ಬರ ಮಗಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಉದ್ಯೋಗದಲ್ಲಿದ್ದಾಳೆ. 2023ರ ಬೇಸಿಗೆಯಲ್ಲಿ ಆಕೆಯ ಮನೆಯಲ್ಲಿ ಮೂರು ವಾರ ತಂಗುವ ಅವಕಾಶ ಒದಗಿದ್ದರಿಂದ ಆ ಸೀಮೆಯನ್ನು ನಾವು ಕಾಲ್ನಡಿಗೆಯಲ್ಲಿಯೇ ಕಾಣುವಂತಾಯಿತು. ಅಲ್ಲಿ ಕಂಡ ಒಂದು ಸೇವೆಯ ರೀತಿಯನ್ನು ವಾಚಕ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನೆರೆತನದ ನೆಲ

ಈ ಸೀಮೆಯ ಬ್ರಿಕ್ ಲೇನ್ ಎಂಬ ಬೀದಿಯಲ್ಲಿ ಒಂದು ಕಟ್ಟಡವಿದೆ. ತಮ್ಮ ದೇಶದಲ್ಲಿ ಧರ್ಮದ ಕಾರಣಕ್ಕಾಗಿ ಪೀಡನೆಗೊಳಗಾಗಿ ಓಡಿಬಂದ ಫ್ರೆಂಚ್ ಪ್ರಾಟೆಸ್ಟಂಟರು 1743ರ ಸುಮಾರಿಗೆ ಅದನ್ನು ತಮ್ಮ ಪ್ರಾರ್ಥನಾಮಂದಿರವಾಗಿ ಕಟ್ಟಿಸಿದರು. ಅವರಲ್ಲಿ ರೇಷ್ಮೆ ನೇಕಾರರೇ ಬಹಳ. ಮುಂದೆ ಅದು ಮೆಥಡಿಸ್ಟ್ ಪಂಥದವರ ಕೈಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವ ಯುರೋಪಿನಿಂದ ಬಂದ ಯೆಹೂದ್ಯರ ಮಂದಿರವಾಯಿತು. 1976ರಿಂದ ಬಂಗಾಲಿ ಮುಸಲ್ಮಾನರ ಮಸೀದಿಯಾಗಿದೆ. ಒಂದೇ ಗೋಡೆ, ಒಂದೇ ಮಾಡು. ಅದರೊಳಗೆ ಆಶ್ರಯ ಪಡೆದ ಜನಾಂಗಗಳು ಮಾತ್ರ ಹಲವು. ಪರಸ್ಥಳದಿಂದ ಬಂದವನಿಗೆ ಬಂಧುಗಳಿಗಿಂತ ಮೊದಲು ಬೇಕಾದವನು ನೆರೆಯವನು ಎಂಬುದನ್ನು ಈ ಬೀದಿ ಚೆನ್ನಾಗಿ ಬಲ್ಲದು.

ಅಲ್ಲಿಂದ ಕೂಗಳತೆಯಲ್ಲಿ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯಿದೆ. 1884ರಲ್ಲಿ ಸ್ಯಾಮ್ಯುಯಲ್ ಬಾರ್ನೆಟ್ ಎಂಬ ಪಾದ್ರಿಯೂ ಅವರ ಪತ್ನಿ ಹೆನ್ರಿಯೆಟಾ ಅವರೂ ಇದನ್ನು ಸ್ಥಾಪಿಸಿದರು. ವಿಶ್ವವಿದ್ಯಾಲಯಗಳಲ್ಲಿ ಓದಿದ ತರುಣರು ಬಡವರಿಗೆ ದೂರದಿಂದ ಹಣ ಕಳುಹಿಸಿ ಕೈತೊಳೆದುಕೊಳ್ಳಬಾರದು, ಬಡವರ ಕೇರಿಯಲ್ಲಿಯೇ ಬಂದು ವಾಸಿಸಿ ನೆರೆಯವರಾಗಬೇಕು ಎಂಬುದು ಅವರ ಸಂಕಲ್ಪ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಕ್ಲೆಮೆಂಟ್ ಆಟ್ಲಿ ಅವರು ತರುಣರಾಗಿದ್ದಾಗ ಇಲ್ಲಿ ದುಡಿದವರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದ ಮಹಾತ್ಮಾ ಗಾಂಧಿಯವರು ಐಷಾರಾಮದ ಹೋಟೆಲುಗಳನ್ನು ಬಿಟ್ಟು ತಂಗಿದ್ದು ಇದೇ ಪೂರ್ವ ಲಂಡನ್ನಿನ ಕಿಂಗ್ಸ್‌ಲಿ ಹಾಲ್ ಎಂಬ ಸೇವಾಕೇಂದ್ರದಲ್ಲಿ. ಚಳಿಯ ನಸುಕಿನಲ್ಲಿ ಆ ಬಡಕೇರಿಗಳ ಬೀದಿಗಳಲ್ಲಿ ಅವರು ಬಿರುಸಾಗಿ ನಡೆಯುತ್ತಿದ್ದರು. ನಡಿಗೆಯೂ ನೆರೆತನವೂ ಒಂದೇ ದಾರಿಯಲ್ಲಿ ಸಾಗಬಲ್ಲವು ಎಂಬುದಕ್ಕೆ ಆ ನೆಲದಲ್ಲಿ ಇಂತಹ ಪೂರ್ವಪರಂಪರೆಯಿದೆ.

ಒಂದು ಸಂಜೆಯ ಓಟ

ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಆರುವುದಿಲ್ಲ. ವಾರದ ನಡುವಿನ ಒಂದು ದಿನ ಕೆಲಸದಿಂದ ಹಿಂದಿರುಗಿದ ಮಿತ್ರರ ಮಗಳು ಓಟದ ಉಡುಪು ಧರಿಸಿ ಹೊರಟು ನಿಂತು, “ಕಾಕಾ, ಇವತ್ತ ನಮ್ಮ ಜೋಡಿ ಬರ್ರಿ. ನೀವು ಓಡೋದು ಬ್ಯಾಡ, ನಡಕೋತ ಬಂದು ನೋಡಿದ್ರ ಸಾಕು” ಎಂದಳು. ಕೆಲಸವಿದ್ದ ತಾಣ ಎರಡು ಕಿಲೋಮೀಟರಿಗಿಂತ ತುಸು ದೂರದಲ್ಲಿದ್ದಿತು. ನಡೆಯುವವರ ಒಂದು ಸಣ್ಣ ಗುಂಪಿನೊಂದಿಗೆ ನಾವೂ ಹೊರಟೆವು.

ಓಟಗಾರರು ಇಪ್ಪತ್ತರಷ್ಟು ಜನ ಸೇರಿದ್ದರು. ಬ್ಯಾಂಕಿನ ಗುಮಾಸ್ತರಿದ್ದರು, ಶಾಲೆಯ ಅಧ್ಯಾಪಿಕೆಯರಿದ್ದರು, ಐವತ್ತು ದಾಟಿದ ಸ್ಥೂಲಕಾಯದ ಮಹನೀಯರೊಬ್ಬರಿದ್ದರು. ವೃತ್ತಾಕಾರವಾಗಿ ನಿಂತು ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿದರು. ಹೊಸದಾಗಿ ಬಂದ ಇಬ್ಬರಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಾಳು ಅಂದಿನ ಕೆಲಸ ಇಂಥದು, ದಾರಿ ಇಂಥದು ಎಂದು ವಿವರಿಸಿದ ಮೇಲೆ ಓಟ ಆರಂಭವಾಯಿತು. ಸಾಲಿನ ಮುಂದೆ ಒಬ್ಬರು ದಾರಿ ತೋರುತ್ತ ಓಡಿದರೆ ಸಾಲಿನ ಕೊನೆಯಲ್ಲಿ ಇನ್ನೊಬ್ಬರು ಹಿಂದುಳಿದವರ ಜೊತೆಗೇ ಅವರ ವೇಗದಲ್ಲಿಯೇ ಓಡುತ್ತಿದ್ದರು. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ನಮ್ಮ ಉತ್ತರ ಕರ್ನಾಟಕದ ತಂಡಗಳಲ್ಲಿ ಕಾಲು ಸೋತವರ ಬಳಿ ಒಬ್ಬ ಹಿರಿಯ ನಿಲ್ಲುವುದನ್ನು ಕಂಡವರಿಗೆ ಈ ಕ್ರಮ ಅಪರಿಚಿತವೆನಿಸದು.

ತಾಣವೆಂದರೆ ವಸತಿಕಟ್ಟಡಗಳ ನಡುವೆ ನಿವಾಸಿಗಳೇ ಸೇರಿ ಮಾಡಿಕೊಂಡ ಕೈತೋಟ. ಬೇಲಿಯ ಹೊರಗೆ ಲಾರಿಯೊಂದು ಸುರಿದುಹೋದ ಗೊಬ್ಬರದ ರಾಶಿ ಆಳೆತ್ತರಕ್ಕೆ ಬಿದ್ದಿದ್ದಿತು. ತೋಟದ ಉಸ್ತುವಾರಿ ನೋಡುತ್ತಿದ್ದ ಇಬ್ಬರು ವೃದ್ಧರು ಸಲಿಕೆ, ಬಕೆಟ್ಟು, ಒಂಟಿಗಾಲಿಯ ತಳ್ಳುಬಂಡಿಗಳನ್ನು ಮೊದಲೇ ಸಾಲಾಗಿ ಇಟ್ಟಿದ್ದರು. ಕೆಲವರು ತುಂಬಿದರು, ಕೆಲವರು ತಳ್ಳಿದರು, ಕೆಲವರು ಮಡಿಗಳ ಮೇಲೆ ಹರಡಿದರು. ನಲವತ್ತು ನಿಮಿಷ ಕಳೆಯುವಷ್ಟರಲ್ಲಿ ರಾಶಿಯಿದ್ದ ಜಾಗವನ್ನು ಒಬ್ಬ ಹುಡುಗಿ ಪೊರಕೆಯಿಂದ ಗುಡಿಸುತ್ತಿದ್ದಳು. ಆ ಇಬ್ಬರು ವೃದ್ಧರೇ ಮಾಡಿದ್ದರೆ ಎರಡು ವಾರ ಹಿಡಿಯುತ್ತಿತ್ತೆಂದು ಅವರು ನಮಗೆ ಹೇಳಿದರು. ಕೈ ತೊಳೆದುಕೊಂಡು, ನೀರು ಕುಡಿದು, ಬಂದವರೆಲ್ಲ ಮತ್ತೆ ಸಾಲುಗೂಡಿ ಓಡುತ್ತ ಹಿಂದಿರುಗಿದರು. ಭಾಷಣವಿಲ್ಲ, ಹಾರತುರಾಯಿಯಿಲ್ಲ. ರೈತಾಪಿ ಜನರ ಮುಯ್ಯಾಳು ಪದ್ಧತಿ ನಮಗೆ ನೆನಪಾಯಿತು. ಆದರೆ ಮುಯ್ಯಾಳಿನಲ್ಲಿ ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂಬ ಲೆಕ್ಕವಿರುತ್ತದೆ. ಇಲ್ಲಿ ಆ ಲೆಕ್ಕವೂ ಇರಲಿಲ್ಲ.

ಗಾಳಿಯನ್ನು ಬೀಸುವ ಗಿರಣಿ

ಈ ಕೂಟದ ಹೆಸರು ಗುಡ್‌ಜಿಮ್. ಒಳ್ಳೆಯ ವ್ಯಾಯಾಮಶಾಲೆ ಎಂದು ಅರ್ಥ ಹೇಳಬಹುದು. 2010ಕ್ಕೆ ತುಸು ಹಿಂದೆ ಪೂರ್ವ ಲಂಡನ್ನಿನಲ್ಲಿ ಇದನ್ನು ಆರಂಭಿಸಿದವರು ಐವೊ ಗಾರ್ಮ್ಲಿ ಎಂಬವರು. ಖ್ಯಾತ ಶಿಲ್ಪಿ ಆಂಟನಿ ಗಾರ್ಮ್ಲಿ ಅವರ ಪುತ್ರರು. ಅವರ ಕುಟುಂಬಕ್ಕೆ ಪರಿಚಿತರಾದ ಒಬ್ಬ ವೃದ್ಧರಿದ್ದರು. ಹಿಂದೆ ಮುಷ್ಟಿಯುದ್ಧದ ಪಟುವಾಗಿದ್ದ ಅವರು ವಯಸ್ಸಾದ ಮೇಲೆ ಮನೆಯಿಂದ ಹೊರಗೆ ಬರಲಾರದವರಾಗಿದ್ದರು. ಗಾರ್ಮ್ಲಿ ಅವರು ಓಡುತ್ತ ಹೋಗಿ ಅವರಿಗೆ ದಿನಪತ್ರಿಕೆ ಕೊಟ್ಟು, ನಾಲ್ಕು ಮಾತನಾಡಿ ಬರತೊಡಗಿದರು. ವೃದ್ಧರು ಕಾಯುತ್ತಿರುತ್ತಾರೆಂಬ ಒಂದೇ ಕಾರಣದಿಂದ ಓಟ ತಪ್ಪದಾಯಿತು. ಹಳೆಯ ಪಟುವಿನಿಂದ ದೇಹಸಾಧನೆಯ ಸಲಹೆಯೂ ದೊರೆಯಿತು. ಸಹಾಯ ಪಡೆಯುವವರೆಂದು ಯಾರನ್ನು ಭಾವಿಸಬಹುದಾಗಿತ್ತೋ ಅವರೇ ಗುರುವಾಗಿಬಿಟ್ಟರು. ಈ ಅನುಭವವೇ ಬೆಳೆದು ಕೂಟವಾಯಿತು. ಬ್ರಿಸ್ಟಲ್, ಯಾರ್ಕ್, ಆಕ್ಸ್‌ಫರ್ಡ್ ಮುಂತಾದ ಹಲವಾರು ಊರುಗಳಿಗೆ ಹಬ್ಬಿತು.

ವ್ಯಾಯಾಮಶಾಲೆಗಳಲ್ಲಿ ಎಷ್ಟೊಂದು ಮನುಷ್ಯಶಕ್ತಿ ಯಾರಿಗೂ ಒದಗದೆ ಹರಿದುಹೋಗುತ್ತಿದೆ ಎಂಬುದು ಗಾರ್ಮ್ಲಿ ಅವರ ಆಲೋಚನೆಯ ಮೂಲ. ಇದನ್ನು ಕೇಳಿದಾಗ ಲಂಡನ್ನಿನ ದಕ್ಷಿಣದಲ್ಲಿರುವ ಬ್ರಿಕ್ಸ್‌ಟನ್ ಸೆರೆಮನೆಯ ಹಳೆಯ ಕಥೆ ನಮ್ಮ ಮನಸ್ಸಿಗೆ ಬಂದಿತು. ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರರು 1818ರಲ್ಲಿ ಕೈದಿಗಳಿಗಾಗಿ ಒಂದು ದೊಡ್ಡ ಮೆಟ್ಟಿಲುಚಕ್ರವನ್ನು ರಚಿಸಿದರು. 1821ರಲ್ಲಿ ಬ್ರಿಕ್ಸ್‌ಟನ್ನಿನಲ್ಲಿಯೂ ಅದು ಬಂದಿತು. ಕೈದಿಗಳು ಸಾಲಾಗಿ ನಿಂತು ಮೆಟ್ಟಿಲು ತುಳಿಯುತ್ತಲೇ ಇರಬೇಕು, ಚಕ್ರ ತಿರುಗುತ್ತಲೇ ಇರಬೇಕು. ಕೆಲವೆಡೆ ಅದು ಕಾಳು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಇನ್ನು ಕೆಲವೆಡೆ ಅದಕ್ಕೆ ಯಾವ ಕೆಲಸವನ್ನೂ ಜೋಡಿಸದೆ ಬರಿದೇ ತಿರುಗಿಸುತ್ತಿದ್ದರು. ಇದನ್ನು ಅಲ್ಲಿಯವರು ಗಾಳಿ ಬೀಸುವುದು ಎಂದು ಕರೆದರು; ಕಾಳಿಲ್ಲದ ಗಿರಣಿ ಎಂದು ಅದರ ತಾತ್ಪರ್ಯ. ದುಡಿತದ ಭಾರಕ್ಕಿಂತ ದುಡಿತದ ನಿಷ್ಫಲತೆಯೇ ಅಲ್ಲಿ ದೊಡ್ಡ ಶಿಕ್ಷೆಯಾಗಿದ್ದಿತು. 1898ರ ಸೆರೆಮನೆ ಕಾಯಿದೆಯ ತರುವಾಯ ಆ ಚಕ್ರಗಳು ಮರೆಯಾದವು. ಆದರೆ ಅವುಗಳ ಇಂಗ್ಲಿಷ್ ಹೆಸರು ಉಳಿಯಿತು. ಇಂದು ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳ ವ್ಯಾಯಾಮಶಾಲೆಗಳಲ್ಲಿ ನಿಂತಲ್ಲಿಯೇ ಓಡುವ ಯಂತ್ರವನ್ನು ನಾವೆಲ್ಲರೂ ‘ಟ್ರೆಡ್‌ಮಿಲ್’ ಎಂದೇ ಕರೆಯುತ್ತೇವೆ.

ದೇಹಕ್ಕೆ ಶ್ರಮ ಬೇಕೆಂಬುದು ನಿಜ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಕುಳಿತು ದುಡಿಯುವ ಜನ ಇದಕ್ಕಾಗಿ ಹಣ ತೆತ್ತು ಯಂತ್ರದ ಮೇಲೆ ಓಡುವುದನ್ನು ನಾವು ಹಳಿಯುವುದಿಲ್ಲ. ಆ ಗಿರಣಿಗೆ ಒಂದು ಹಿಡಿ ಕಾಳು ಹಾಕಬಹುದಲ್ಲವೇ ಎಂಬುದಷ್ಟೇ ಪ್ರಶ್ನೆ.

ಕಾಯುವ ಗುರು

ಈ ಕೂಟದ ಸೇವೆ ಮೂರು ಬಗೆಯದು. ತೋಟ, ಶಾಲೆ, ಆಹಾರ ಹಂಚುವ ಕೇಂದ್ರ ಮುಂತಾದ ಸಾರ್ವಜನಿಕ ಸ್ಥಳಗಳಿಗೆ ಗುಂಪಾಗಿ ಓಡಿಹೋಗಿ ದುಡಿಯುವುದು ಮೊದಲನೆಯದು. ವೃದ್ಧರ ಮನೆಯಲ್ಲಿ ಒಮ್ಮೆ ಮಾತ್ರ ಆಗಬೇಕಾದ ಕೆಲಸಕ್ಕೆ ಒಬ್ಬಿಬ್ಬರು ಹೋಗುವುದು ಎರಡನೆಯದು. ಆಸ್ಪತ್ರೆಯಿಂದ ಮನೆಗೆ ಬರುವವರಿಗಾಗಿ ಮಂಚವನ್ನು ಮಾಳಿಗೆಯಿಂದ ಕೆಳಗಿಳಿಸುವುದು, ಕಾಡುಬೆಳೆದ ಹಿತ್ತಲನ್ನು ಹಸನುಗೊಳಿಸುವುದು ಇಂಥವು. ಒಬ್ಬ ಓಟಗಾರ ಒಬ್ಬ ಒಂಟಿ ವೃದ್ಧರ ಮನೆಗೆ ವಾರವಾರವೂ ತಪ್ಪದೆ ಹೋಗುವುದು ಮೂರನೆಯದು. ಹೀಗೆ ಒಬ್ಬರೇ ಮನೆಯೊಳಗೆ ಹೋಗುವವರ ಪೂರ್ವಾಪರವನ್ನು ಮೊದಲೇ ವಿಚಾರಿಸಿ, ಅಪರಾಧದ ದಾಖಲೆಯೇನಾದರೂ ಉಂಟೇ ಎಂದು ಅಧಿಕೃತವಾಗಿ ಪರಿಶೀಲಿಸುತ್ತಾರೆ. ಈ ವೃದ್ಧರನ್ನು ಅವರು ಫಲಾನುಭವಿ ಎನ್ನುವುದಿಲ್ಲ. ‘ಕೋಚ್’, ಎಂದರೆ ತರಬೇತಿ ಕೊಡುವ ಗುರು ಎನ್ನುತ್ತಾರೆ.

ಮಿತ್ರರ ಮಗಳ ಗುರು ಎಂಬತ್ತಾರು ವಯಸ್ಸಿನ ಒಬ್ಬ ತಾಯಿ. ಹರೆಯದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೋಟುಗಳಿಗೆ ಕೈ ಜೋಡಿಸಿ ಹೊಲಿಯುತ್ತಿದ್ದವರು. ಆ ತಾಯಿಯ ಅನುಮತಿ ಪಡೆದು ನಾವೂ ಒಮ್ಮೆ ಹೋದೆವು. ನಾವು ಬಸ್ಸಿನಲ್ಲಿ ಮೊದಲೇ ತಲುಪಿ ಕುಳಿತಿದ್ದೆವು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಅವರು ಬೀದಿಯನ್ನೇ ನೋಡುತ್ತಿದ್ದರು. ಓಡುತ್ತ ಬಂದ ಶಿಷ್ಯೆ ಒಳಗೆ ಕಾಲಿಡುತ್ತಲೇ ಗೋಡೆಯ ಗಡಿಯಾರವನ್ನು ತೋರಿಸಿ ಎರಡು ನಿಮಿಷ ತಡವೆಂದು ಆಕ್ಷೇಪಿಸಿದರು. ಕಳೆದ ವಾರ ಎಷ್ಟು ದೂರ ಓಡಿದೆ, ಮೊಣಕಾಲಿನ ನೋವು ಹೇಗಿದೆ ಎಂದು ವಿಚಾರಿಸಿದರು. ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದರು. ಹಿಂದಿನ ತಿಂಗಳುಗಳ ಹಾಳೆಗಳಲ್ಲಿಯೂ ವಾರಕ್ಕೊಂದರಂತೆ ಆ ಗುರುತುಗಳಿದ್ದವು. ಮಾತಿನ ನಡುವೆ ಅವರು ನಮ್ಮ ಕಡೆ ತಿರುಗಿ, “ನಿಮ್ಮ ದೇಶದಲ್ಲಿ ವಯಸ್ಸಾದವರು ಒಬ್ಬರೇ ಇರುವುದಿಲ್ಲವಂತೆ, ಹೌದೇ?” ಎಂದು ಕೇಳಿದರು. ಹೌದೆಂದು ಹೇಳಿ ಅಭಿಮಾನಪಡುವುದು ಸುಲಭವಾಗಿದ್ದಿತು. ಮೊದಲು ಹಾಗಿತ್ತು, ಈಗ ಹಾಗೆಂದು ಹೇಳಲಾಗದು ಎಂದು ಉತ್ತರಿಸಿದೆವು.

ಮನೆಗೆ ಮರಳಿದ ಮೇಲೆ, ಇಷ್ಟು ದಣಿವಿನ ಉದ್ಯೋಗದ ನಡುವೆ ಈ ನೇಮವನ್ನು ಏಕೆ ಹಿಡಿದೆ ಎಂದು ಆ ಮಗಳನ್ನು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ ಹೋದ ಮ್ಯಾಲೆ ನಮ್ಮವ್ವ ಧಾರವಾಡದಾಗ ಒಬ್ಬಾಕಿನ ಇರ್ತಾಳ, ಕಾಕಾ. ನನಗ ದಿನಾ ಹೋಗಲಿಕ್ಕ ಆಗೂದಿಲ್ಲ. ಇಲ್ಲೆ ಒಬ್ಬ ತಾಯಿ ಕಡೆ ಹೋಗ್ತೀನಿ. ಅಲ್ಲೆ ನಮ್ಮವ್ವನ ಕಡೆ ಯಾರರ ಹೋಗಲಿ ಅಂತ ಆಸೆ ಅಷ್ಟ” ಎಂದಳು. ಸೇವೆಯ ತತ್ತ್ವದ ಮೇಲೆ ನಾವು ಓದಿದ ಎಷ್ಟೋ ಗ್ರಂಥಗಳಿಗಿಂತ ಈ ಮಾತು ಹೆಚ್ಚು ತೂಕದ್ದೆಂದು ನಮಗೆ ತೋರಿತು.

ಬ್ರಿಟನ್ನಿನಲ್ಲಿ ಒಂಟಿತನವನ್ನು ಸಾರ್ವಜನಿಕ ಸಮಸ್ಯೆಯೆಂದೇ ಪರಿಗಣಿಸಲಾಗಿದೆ. ಅದಕ್ಕಾಗಿ ಚಿಂತಿಸಿದ್ದ ಸಂಸತ್ ಸದಸ್ಯೆ ಜೋ ಕಾಕ್ಸ್ ಅವರು 2016ರಲ್ಲಿ ಹತ್ಯೆಗೀಡಾದರು. ಅವರ ಹೆಸರಿನ ಆಯೋಗದ ವರದಿಯ ಬೆನ್ನಿಗೆ 2018ರ ಜನವರಿಯಲ್ಲಿ ಆ ಸರ್ಕಾರ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿತು. 2020ರ ಕೊರೋನಾ ಕಾಲದಲ್ಲಿ ವೃದ್ಧರಿಗೂ ರೋಗಿಗಳಿಗೂ ನೆರವಾಗಲು ಸ್ವಯಂಸೇವಕರು ಬೇಕೆಂದು ಅಲ್ಲಿಯ ಆರೋಗ್ಯಸೇವೆ ಕರೆ ಕೊಟ್ಟಾಗ ಕೆಲವೇ ದಿನಗಳಲ್ಲಿ 7,50,000 ಜನ ಹೆಸರು ಕೊಟ್ಟರು. ಓಟಗಾರರ ಈ ಕೂಟವೂ ಆಗ ಔಷಧಿ, ದಿನಸಿಗಳನ್ನು ಮನೆಮನೆಗೆ ತಲುಪಿಸಿತು. ನೆರವಾಗುವ ಮನಸ್ಸಿಗೆ ಕೊರತೆಯಿಲ್ಲ. ಅದು ಹರಿಯಲು ಒಂದು ಕಾಲುವೆ ಬೇಕು.

ಕೆಲವು ಸಂದೇಹಗಳು

ವಿಚಾರವಂತರು ಇಲ್ಲಿ ಕೆಲವು ಪ್ರಶ್ನೆಗಳನ್ನು ಎತ್ತಬಹುದು. ತನ್ನ ಮೈ ಹಗುರಾಗಲೆಂದು ಓಡುವವನ ಸೇವೆ ನಿಸ್ವಾರ್ಥವೇ? ಸ್ವಹಿತದ ಲೇಶವೂ ಇಲ್ಲದ ಸೇವೆ ಮಹಾತ್ಮರಿಗೆ ಸಾಧ್ಯ. ಆದರೆ ಸಾಮಾನ್ಯ ಗೃಹಸ್ಥನ ವಿಷಯದಲ್ಲಿ ಸ್ವಹಿತವೂ ಪರಹಿತವೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಾದರೆ ಬಂಡಿ ಬಹುದೂರ ಸಾಗುತ್ತದೆ. ಉತ್ಸಾಹ ಕುಗ್ಗಿದ ದಿನ ಕಾಯುತ್ತಿರುವವರ ನೆನಪು ಅವನನ್ನು ಎಬ್ಬಿಸುತ್ತದೆ. ಕರುಣೆ ಕುಗ್ಗಿದ ದಿನ ವ್ಯಾಯಾಮದ ನೇಮ ಅವನನ್ನು ಎಬ್ಬಿಸುತ್ತದೆ.

ಎರಡನೆಯ ಪ್ರಶ್ನೆ ಗಂಭೀರವಾದುದು. 2010ರ ನಂತರ ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತಗಳಿಗೆ ಕೊಡುವ ಅನುದಾನವನ್ನು ಬಹಳವಾಗಿ ಕಡಿತಗೊಳಿಸಲಾಯಿತು. ಸರ್ಕಾರ ಕೈಬಿಟ್ಟ ಕೆಲಸವನ್ನು ಸ್ವಯಂಸೇವಕರ ಹೆಗಲಿಗೆ ಹೊರಿಸುವುದು ನ್ಯಾಯವೇ ಎಂದು ಅಲ್ಲಿಯವರೇ ಕೇಳುತ್ತಾರೆ. ಈ ಎಚ್ಚರಿಕೆ ಸರಿಯಾದುದೇ. ಹಾಸಿಗೆ ಹಿಡಿದವರ ಶುಶ್ರೂಷೆ, ಔಷಧೋಪಚಾರ, ಪಿಂಚಣಿ ಇವು ಹಕ್ಕಿನ ವಿಷಯಗಳು. ಓಡಿಬಂದವರ ಅರ್ಧ ಗಂಟೆಯ ದುಡಿಮೆ ಇವುಗಳಿಗೆ ಪರ್ಯಾಯವಾಗಲಾರದು. ಆರೈಕೆ ಬೇರೆ, ನೆರೆತನ ಬೇರೆ. ಮೊದಲನೆಯದನ್ನು ಸರ್ಕಾರದಿಂದ ಕೇಳಿ ಪಡೆಯಬೇಕು. ಎರಡನೆಯದನ್ನು ನಾವೇ ಕೊಡಬೇಕು. ನಮ್ಮ ದೇಶದಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿಯೇ ಕಾಯಿದೆಯಾಗಿದೆ. ಅದು ಮಗನಿಂದ ಜೀವನಾಂಶ ಕೊಡಿಸಬಲ್ಲದು. ಬಂದು ಬಾಗಿಲು ತಟ್ಟಿ, “ಊಟ ಆಯಿತೇನು?” ಎಂದು ಕೇಳುವ ಮಗನನ್ನು ಕೊಡಿಸಲಾರದು.

ಓಟದ ಹೆಸರಿನಲ್ಲಿ ಹಣ ಕೂಡಿಸುವ ರೂಢಿ ಹಳೆಯದು. 1981ರಲ್ಲಿ ಆರಂಭವಾದ ಲಂಡನ್ ಮ್ಯಾರಥಾನ್ ದಾನಕಾರ್ಯಗಳಿಗೆ ಅಪಾರ ಧನವನ್ನು ತಂದುಕೊಟ್ಟಿದೆ. ಅದೂ ಪುಣ್ಯಕಾರ್ಯವೇ. ಆದರೆ ಅಲ್ಲಿ ಓಟ ಒಂದೆಡೆ, ಸೇವೆ ಇನ್ನೊಂದೆಡೆ; ನಡುವೆ ಹಣ. ಇಲ್ಲಿ ಓಡಿದ ಕಾಲೇ ಸೇವೆಯ ತಾಣಕ್ಕೆ ಹೋಗಿ ನಿಲ್ಲುತ್ತದೆ. ಸ್ವೀಡನ್ ದೇಶದ ಎರಿಕ್ ಆಲ್‌ಸ್ಟ್ರಾಮ್ ಎಂಬವರು 2016ರಲ್ಲಿ ಸ್ಟಾಕ್‌ಹೋಮಿನಲ್ಲಿ ಓಡುತ್ತಲೇ ದಾರಿಯ ಕಸವನ್ನು ಹೆಕ್ಕುವ ರೂಢಿಯನ್ನು ಹರಡಿದರು. ಹೆಕ್ಕುವುದು, ಓಡುವುದು ಎಂಬ ಎರಡು ಸ್ವೀಡಿಷ್ ಪದಗಳು ಕೂಡಿ ಅದಕ್ಕೆ ‘ಪ್ಲಾಗಿಂಗ್’ ಎಂಬ ಹೆಸರಾಯಿತು. ನಮ್ಮ ದೇಶದಲ್ಲಿಯೂ 2019ರ ಗಾಂಧಿ ಜಯಂತಿಯಂದು ಇಂತಹ ಓಟಗಳು ನಡೆದವು. ವರ್ಷಕ್ಕೊಮ್ಮೆ ನಡೆದು ಭಾವಚಿತ್ರದೊಂದಿಗೆ ಮುಗಿಯುವ ಉತ್ಸವವಾಗದೆ ವಾರದ ನೇಮವಾದಾಗ ಮಾತ್ರ ಇವುಗಳಿಂದ ಊರು ಬದಲಾದೀತು.

ನಮ್ಮ ಮನೆಯಂಗಳಕ್ಕೆ

ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನಮ್ಮ ಓದುಗರು ಬಲ್ಲರು. ನಾವು ದರ್ಶನಕ್ಕೆ ಹೋದ ಬೆಳಿಗ್ಗೆ ನದಿಯ ದಂಡೆಗುಂಟ ಓಟಗಾರರು ಒಬ್ಬರ ಹಿಂದೊಬ್ಬರು ಸಾಗುತ್ತಿದ್ದರು. ಕಾಯಕ, ದಾಸೋಹ ಎಂಬ ಪದಗಳನ್ನು ಅವರು ಕೇಳಿರಲಿಕ್ಕಿಲ್ಲ. ಆದರೆ ಶ್ರಮವಿಲ್ಲದ ದಾನವೂ ಹಂಚಿಕೆಯಿಲ್ಲದ ಶ್ರಮವೂ ಅರೆಯಾದುವೆಂಬ ತಿಳಿವು ಯಾವುದೊಂದು ಭಾಷೆಯ ಸೊತ್ತಲ್ಲವೆಂಬುದನ್ನು ಕೈತೋಟದ ಆ ಗೊಬ್ಬರದ ರಾಶಿ ನಮಗೆ ತಿಳಿಸಿಕೊಟ್ಟಿದ್ದಿತು. ಪ್ರಸಾದನಿಲಯದಲ್ಲಿದ್ದಾಗ ನಾವೆಲ್ಲ ನಸುಕಿನಲ್ಲಿ ಎದ್ದು ಬಾವಿಯಿಂದ ಅಡಿಗೆಮನೆಗೆ ನೀರು ಹೊರುತ್ತಿದ್ದೆವು, ಸೌದೆ ಸೀಳುತ್ತಿದ್ದೆವು. ಅದಕ್ಕೆ ವ್ಯಾಯಾಮವೆಂಬ ಹೆಸರಿರಲಿಲ್ಲ; ಆದರೂ ಮೈ ಗಟ್ಟಿಯಾಯಿತು, ಊಟದ ಪಂಕ್ತಿಯೂ ಸಾಗಿತು.

ಇಂದು ನಮ್ಮ ಪಟ್ಟಣಗಳ ಕೆರೆದಂಡೆಗಳಲ್ಲಿ, ಕಾಲೇಜು ಮೈದಾನಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವವರಿಗೆ ಎಣಿಕೆಯಿಲ್ಲ. ಅದೇ ಬೀದಿಗಳಲ್ಲಿ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ ಹಿರಿಯರಷ್ಟೇ ಉಳಿದ ಮನೆಗಳೂ ಹೆಚ್ಚುತ್ತಿವೆ. ನಾವು ವಾಸಿಸುವ ಬೀದಿಯಲ್ಲಿಯೇ ಅಂತಹ ಮನೆಗಳು ನಾಲ್ಕಿವೆ. ರಾತ್ರಿ ಫೋನಿನ ತೆರೆಯ ಮೇಲೆ ಮಗನ ಮುಖ ಕಾಣುತ್ತದೆ. ಆದರೆ ಕೆಟ್ಟುಹೋದ ಬಲ್ಬನ್ನು ಆ ಮುಖ ಬದಲಿಸಲಾರದು, ಖಾಲಿಯಾದ ಗ್ಯಾಸಿನ ಸಿಲಿಂಡರನ್ನು ಎತ್ತಿಡಲಾರದು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಬೇಕಾಗುತ್ತದೆ. 2014ರಿಂದ ಅದನ್ನು ಗಣಕಯಂತ್ರದ ಮೂಲಕ ಸಲ್ಲಿಸುವ ವ್ಯವಸ್ಥೆ ಬಂದಿದ್ದರೂ, ಮೊಬೈಲು ಬಳಸಲು ಬಾರದ ಎಷ್ಟೋ ಹಿರಿಯರು ಬ್ಯಾಂಕಿನ ಮೆಟ್ಟಿಲುಗಳ ಮೇಲೆ ಕಾಯುತ್ತ ಕುಳಿತಿರುತ್ತಾರೆ. ಓಡುತ್ತ ಬಂದ ತರುಣನೊಬ್ಬ ಹತ್ತು ನಿಮಿಷದಲ್ಲಿ ಮಾಡಿಕೊಡಬಹುದಾದ ಕೆಲಸವಿದು.

ಇದಕ್ಕೆ ಕಟ್ಟಡ ಬೇಡ, ನಿಧಿ ಬೇಡ. ಐದಾರು ಜನರ ಒಂದು ತಂಡ, ವಾರದಲ್ಲಿ ಒಂದು ಗೊತ್ತಾದ ದಿನ, ಒಬ್ಬ ಹೊಣೆಗಾರ ಹಿರಿಯ ಇದ್ದರೆ ಸಾಕು. ಯಾವ ಕೆಲಸ ಆಗಬೇಕೆಂಬುದನ್ನು ಹೋಗುವವರು ನಿಶ್ಚಯಿಸದೆ ಮನೆಯವರನ್ನೇ ಕೇಳಿಕೊಳ್ಳಬೇಕು. ಬೇಕಾದ ಸಲಕರಣೆಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿಡಬೇಕು. ನಮ್ಮ ಬಿಸಿಲಿಗೆ ಬೆಳಗಿನ ಐದೂವರೆ ಆರರ ಹೊತ್ತೇ ಸರಿ. ಹೆಣ್ಣುಮಕ್ಕಳಿಗೆ ಒಬ್ಬರೇ ಓಡಲು ಅಂಜಿಕೆಯಾಗುವ ಬೀದಿಗಳಲ್ಲಿ ಗುಂಪು ಧೈರ್ಯ ಕೊಡುತ್ತದೆ. ಹೃದಯದ ತೊಂದರೆ, ಮೊಣಕಾಲಿನ ಬೇನೆ ಇರುವವರು ವೈದ್ಯರನ್ನು ಕೇಳಿ ನಡೆದೇ ಹೋಗಬಹುದು. ಹಿರಿಯರ ಮನೆಯೊಳಗೆ ಹೋಗುವವರು ತಂಡಕ್ಕೆ ಚೆನ್ನಾಗಿ ಪರಿಚಿತರಾದವರೇ ಆಗಿರಬೇಕು; ಮೊದಮೊದಲು ಇಬ್ಬರು ಜೊತೆಯಾಗಿ ಹೋಗುವುದು ಒಳ್ಳೆಯದು. ಆ ಮನೆಯ ಹಣಕಾಸಿನ ವ್ಯವಹಾರಕ್ಕೆ ಕೈ ಹಾಕಬಾರದು. ಅಲ್ಲಿಯ ಭಾವಚಿತ್ರ ತೆಗೆದು ಊರಿಗೆಲ್ಲ ತೋರಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬರುತ್ತೇನೆಂದು ಹೇಳಿದ ದಿನ ತಪ್ಪಿಸಬಾರದು. ಎಂದೂ ಬಾರದವನಿಗಿಂತ, ಕೆಲವು ವಾರ ಬಂದು ಹೇಳದೆ ಕೇಳದೆ ನಿಂತುಹೋದವನೇ ಒಂಟಿ ಜೀವಕ್ಕೆ ಹೆಚ್ಚು ನೋವು ಕೊಡುತ್ತಾನೆ.

ಧಾರವಾಡದಲ್ಲಿ ವಾಯುವಿಹಾರದ ಗೆಳೆಯರ ಮುಂದೆ ನಾವು ಈ ವಿಷಯವನ್ನು ಪ್ರಸ್ತಾಪಿಸಿದಾಗ ಕೆಲವರು ನಕ್ಕರು, ಕೆಲವರು ನೋಡೋಣವೆಂದರು. ಗೆಳೆಯರೊಬ್ಬರ ಕಾಲೇಜು ಓದುವ ಮಗಳೂ ಆಕೆಯ ಜೊತೆಗಾತಿಯೂ ಮಾತ್ರ ವಿಳಾಸ ಕೇಳಿ ಬರೆದುಕೊಂಡರು. ಲಂಡನ್ನಿನಲ್ಲಿರುವ ಆ ಮಗಳ ತಾಯಿಯ ಮನೆಗೆ ಈಗ ಭಾನುವಾರ ಬೆಳಿಗ್ಗೆ ಅವರಿಬ್ಬರೂ ಓಡುತ್ತ ಹೋಗುತ್ತಾರೆ. ಆ ತಾಯಿ ಅವರಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸುತ್ತಿದ್ದಾರೆಂದು ಕೇಳಿದ್ದೇವೆ. ಇಲ್ಲಿಯೂ ಗುರು ಯಾರು, ಶಿಷ್ಯರು ಯಾರು ಎಂಬುದು ತಾನಾಗಿಯೇ ಗೊತ್ತಾಗಿದೆ.

ವಾಚಕ ಬಂಧುಗಳೇ, ನಿಮ್ಮ ಮನೆಯ ಮಕ್ಕಳು ದೇಹಸಾಧನೆಗೆಂದು ಬೆಳಿಗ್ಗೆ ಹೊರಟಾಗ ಅವರನ್ನು ತಡೆಯಬೇಡಿರಿ. ಎಷ್ಟು ದೂರ ಓಡುವೆ ಎಂದು ಕೇಳುವುದರ ಜೊತೆಗೆ ಯಾರ ಮನೆಯ ತನಕ ಓಡುವೆ ಎಂದೂ ಕೇಳಿರಿ. ನಿಮ್ಮ ಬೀದಿಯಲ್ಲಿ ಯಾವ ಮನೆಯ ಬಾಗಿಲು ವಾರಗಟ್ಟಲೆ ಯಾರೂ ತಟ್ಟದೆ ಉಳಿದಿದೆ ಎಂಬುದು ಹಿರಿಯರಾದ ನಿಮಗೆ ತಿಳಿದಿರುತ್ತದೆ. ಆ ಬಾಗಿಲನ್ನು ಅವರಿಗೆ ತೋರಿಸಿಕೊಡಿರಿ.